ಬಾಟಲಿಯ ಮೇಲೆ ಎಳೆದ ಕೆಂಪು ಗೆರೆ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಮೆಕ್ಯಾನಿಕಲ್ ಇಂಜಿನಿಯರಿಂಗ್, ಅದೂ ಎರಡು ಪೇಪರ್ ಮೂರು ಸಲ ಕಟ್ಟಿ ಪಾಸಾದದ್ದು. ಈಗ ಶಿವಮೊಗ್ಗದಲ್ಲಿ ಡಿಪ್ಲೊಮಾದವರಿಗೆ ಪಾಠ ಮಾಡುತ್ತೇನೆ. ಆದರೂ ಅಮ್ಮನನ್ನು ನಮ್ಮದೇ ಕಾರಿಗೆ ಹತ್ತಿಸಲು ಆ ಡಿಗ್ರಿ ಸಾಕಾಗಿರಲಿಲ್ಲ.

ಕಾರು ಅಪ್ಪನದು. ಭದ್ರಾವತಿಯ ಕಾರ್ಖಾನೆಯ ಸಾಹೇಬರೊಬ್ಬರಿಗೆ ಅಪ್ಪ ಓಡಿಸುತ್ತಿದ್ದ ದುಂಡು ಮೂತಿಯ ಹಳೇ ಕಾರು; ಊರು ಬಿಡುವಾಗ ಸಾಹೇಬರು ಅಪ್ಪನಿಗೇ ಕೊಟ್ಟು ಹೋದರು. ಹೋದ ವರ್ಷ ಮದುವೆಯೊಂದಕ್ಕೆ ಹೊರಟಾಗ ಅದು ನೀರು ಕಡಿಮೆಯಾಗಿ, ಕಾದು, ದಾರಿಯಲ್ಲಿ ನಿಂತಿತು. ರೇಷ್ಮೆ ಸೀರೆಯ ಅಮ್ಮ ರಸ್ತೆ ಬದಿ ನಿಂತಿದ್ದಾಗ ನೆಂಟರಿದ್ದ ಬಸ್ಸು ಹಾದುಹೋಯಿತು. ಎಲ್ಲರೂ ಕಿಟಕಿಯಿಂದ ಕೈ ಬೀಸಿದರು. ಅವತ್ತಿನಿಂದ ಅಮ್ಮನಿಗೆ ಬಸ್ಸೇ.

ಈ ಸಲ ಭದ್ರಾವತಿಯಲ್ಲಿ ಚಿಕ್ಕಮ್ಮನ ಮನೆ ಗೃಹಪ್ರವೇಶ. ಅಮ್ಮನನ್ನು ಕಾರಲ್ಲೇ ಕರೆದೊಯ್ಯಬೇಕೆಂದು ಅಪ್ಪನಿಗೆ ಆಸೆ, ಬಾಯಿಬಿಟ್ಟು ಕೇಳುವವನಲ್ಲ. ನಾನೇ ಕೇಳಿದೆ. ಅಮ್ಮ ಷರತ್ತು ಹಾಕಿದಳು: ಕಾರು ನಿಲ್ಲುವ ಅಂಗಳದಲ್ಲಿ ಒಂದು ವಾರ ಒಂದು ಹನಿಯೂ ಬೀಳಬಾರದು. ವಿನೋಬನಗರದ ನಮ್ಮ ಅಂಗಳ ತೊಳೆಯುವವಳು ಅವಳೇ ತಾನೆ.

ಹಳೇ ಕಾರುಗಳಲ್ಲಿ ಕಾದು ಉಬ್ಬಿದ ನೀರು ಸಣ್ಣ ಪೈಪಿನಿಂದ ನೆಲಕ್ಕೆ ಬಿದ್ದು ಹೋಗುತ್ತದೆ. ಆ ಪೈಪನ್ನು ಬಾಟಲಿಯೊಂದರ ತಳಕ್ಕೆ ಇಳಿಬಿಟ್ಟರೆ, ಇಂಜಿನ್ ತಣ್ಣಗಾದಾಗ ರೇಡಿಯೇಟರ್ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಗುಜರಿಯಲ್ಲಿ ಪ್ಲಾಸ್ಟಿಕ್ ಬಾಟಲಿ ಹುಡುಕಿದೆ, ಅದಕ್ಕೆ ಹೊಂದುವ ಹೊಸ ರೇಡಿಯೇಟರ್ ಮುಚ್ಚಳ ತಂದೆ. ಅಪ್ಪ ತಗಡು ಬಗ್ಗಿಸಿ ಬಾಟಲಿ ಹಿಡಿದಿಡಲು ಕ್ಲಾಂಪು ಮಾಡಿಕೊಟ್ಟ. ಬಾಟಲಿಗೆ ಅರ್ಧದವರೆಗೆ, ಇಂಜಿನ್ ತಂಪಾಗಿಡುವ ಹಸಿರು ಕೂಲಂಟ್ ಹಾಕಿದೆ.

ಮರುದಿನ ಅಪ್ಪ ಮಾರ್ಕೆಟ್ಟಿಗೆ ಹೋಗಿಬಂದು ಕಾರು ನಿಲ್ಲಿಸಿದ. ಅಂಗಳದಲ್ಲಿ ಅಂಗೈ ಅಗಲ ಒದ್ದೆ. ಅಮ್ಮ ಪೊರಕೆ ತಂದಳು. ಮೂರು ದಿನ ಇದೇ ಕಥೆ. ಪೈಪು ಬಿಚ್ಚಿ ಹಾಕಿದೆ, ಮುಚ್ಚಳ ತಿರುಗಿಸಿ ನೋಡಿದೆ, ಕಾಲೇಜಿನ ಪುಸ್ತಕವನ್ನೂ ತೆಗೆದೆ. ನಾಲ್ಕನೇ ದಿನ ಬಾಟಲಿಯ ಹಸಿರು ತೆಳುವಾಗಿದ್ದು ಕಣ್ಣಿಗೆ ಬಿತ್ತು. ಯಾರೋ ನೀರು ಬೆರೆಸುತ್ತಿದ್ದಾರೆ.

ಮರುದಿನ ಬೆಳಿಗ್ಗೆ ಬೇಗ ಎದ್ದು ಕಾದೆ. ಅಪ್ಪ ಚೊಂಬು ಹಿಡಿದು ಬಂದ, ಬಾನೆಟ್ ಎತ್ತಿದ, ಬಾಟಲಿಗೆ ಕಂಠದ ತನಕ ನೀರು ಹುಯ್ದ. ಮೂವತ್ತು ವರ್ಷ ಡ್ಯೂಟಿಗೆ ಹೊರಡುವ ಮುಂಚೆ ರೇಡಿಯೇಟರಿಗೆ ಮಾಡಿದ ಕೆಲಸವದು.

“ಅರ್ಧ ಖಾಲಿ ಇತ್ತಲ್ಲ ಮಾರಾಯ್ತಿ. ಖಾಲಿ ಬಿಡೋದಕ್ಕೆ ಡಬ್ಬಿ ಯಾಕೆ ಹಾಕ್ಬೇಕಿತ್ತು?”

“ಆ ಖಾಲಿ ಜಾಗಕ್ಕೇ ಅಪ್ಪಾ, ನಾನು ಇಷ್ಟೆಲ್ಲ ಮಾಡಿದ್ದು. ಉಬ್ಬಿದ ನೀರು ಎಲ್ಲಿಗೆ ಹೋಗ್ಬೇಕು?”

ಅಪ್ಪ ಒಪ್ಪಲಿಲ್ಲ. ಅಡುಗೆಮನೆ ಕಿಟಕಿಯಿಂದ ಅಮ್ಮನ ದನಿ ಬಂತು: “ಹಾಲಿನ ಪಾತ್ರೆನ ಅಂಚಿನ ತನಕ ತುಂಬ್ಸಿ ಒಲೆ ಮೇಲೆ ಇಡ್ತಾರೇನ್ರೀ?”

ನನ್ನ ಅಷ್ಟು ವರ್ಷದ ಓದನ್ನು ಅಪ್ಪ ಆ ಒಂದು ಮಾತಿಗೆ ಒಪ್ಪಿಕೊಂಡ.

ಹೊಸ ಕೂಲಂಟ್ ಹಾಕಿ, ಬಾಟಲಿಯ ಅರ್ಧಕ್ಕೆ ನನ್ನ ಕೆಂಪು ನೈಲ್ ಪಾಲಿಶ್‌ನಿಂದ ಗೆರೆ ಎಳೆದೆ. ಬೆಳಿಗ್ಗೆ ಆ ಗೆರೆ ನೋಡುವುದು ಅಪ್ಪನ ಕೆಲಸ, ನೋಡುವುದು ಮಾತ್ರ. ಅಮ್ಮ ವಾರವನ್ನು ಮೊದಲಿನಿಂದ ಎಣಿಸಿದಳು. ಏಳು ದಿನವೂ ಅಂಗಳ ಒಣಗಿಯೇ ಇತ್ತು.

ಗೃಹಪ್ರವೇಶದ ದಿನ ಅಮ್ಮ ಅದೇ ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು. ಚಿಕ್ಕಮ್ಮನ ಮನೆ ಮುಂದೆ ಕಾರು ನಿಂತರೂ, ನೆಂಟರೆಲ್ಲ ಹೊರಬಂದು ನೋಡುವ ತನಕ ಇಳಿಯಲಿಲ್ಲ. ವಾಪಸ್ ಬರುವಾಗ, ಯಾವಾಗಲೂ ಕಾರಿಗೆ ನೀರು ಹಿಡಿಯುತ್ತಿದ್ದ ರಸ್ತೆ ಬದಿಯ ನಲ್ಲಿಯ ಹತ್ತಿರ ಅಪ್ಪನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಅಷ್ಟರಲ್ಲಿ ನೆಂಟರು ಹತ್ತಿದ್ದ ಬಸ್ಸು ನಮ್ಮನ್ನು ದಾಟಿ ಮುಂದೆ ಹೋಯಿತು.

“ನಲ್ಲಿ ಹಾಗಿರ್ಲಿ, ಆ ಬಸ್ಸನ್ನ ಹಿಂದೆ ಹಾಕ್ರೀ,” ಎಂದು ಅಮ್ಮ ಕಿಟಕಿಯ ಗಾಜು ಇಳಿಸಿದಳು. “ನಾನು ಕೈ ಬೀಸ್ಬೇಕು.”