ತಗಡು ಇಡದ ಶುಕ್ರವಾರ

ಕಡ್ಡಿ ಅಂತ ಅವಳಿಗೆ ಹೆಸರಿಟ್ಟವಳು ನಾನೇ. ಒಣಕಲು ಮೈ, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್ಲು, ಮಾತು ಅಂದರೆ ಕಡ್ಡಿ ಮುರಿದ ಹಾಗೆ. ಇನ್ನೇನಂತ ಕರೀಲಿ? ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹದಿನೈದು ದಿನಕ್ಕೊಂದು ಪತ್ರಿಕೆ ತರ್ತಾರೆ, ನಾಲ್ಕೇ ಪುಟ. ಅದನ್ನು ಅಚ್ಚು ಹಾಕೋ ಮೆಷಿನ್ನಿನ ಮುಂದೆ ನಾನು ನಿಂತು ಇಪ್ಪತ್ತೆರಡು ವರ್ಷ ಆಯ್ತು. ಎಷ್ಟು ಸಂಪಾದಕರನ್ನು ನೋಡಿಲ್ಲ! ಬರುವಾಗ ಲೋಕ ತಿದ್ದುತ್ತೀವಿ ಅಂತ ಬರ್ತಾರೆ, ಹೋಗುವಾಗ ಪರೀಕ್ಷೆ ಹತ್ತಿರ ಬಂತು ಅಂತ ಹೋಗ್ತಾರೆ. ಕಡ್ಡಿ ಆ ಪೈಕಿ ಅಲ್ಲ.

ಅವಳದೊಂದು ಕ್ರಮ ಇತ್ತು. ಪ್ರೂಫ್ ಕೈಗೆ ಬಂದ ಕೂಡಲೇ ಒಂದೊಂದು ಸುದ್ದಿಯ ಪಕ್ಕದಲ್ಲೂ, ಹಾಳೆಯ ಅಂಚಿನಲ್ಲಿ, ಅದನ್ನು ಹೇಳಿದವರು ಯಾರು ಅಂತ ಪೆನ್ಸಿಲ್ಲಿನಲ್ಲಿ ಬರೀಬೇಕು. ಕ್ಯಾಂಟೀನಿನ ನಾಯಿ ಮರಿ ಹಾಕಿತು ಅನ್ನೋ ಸುದ್ದಿಯಾದರೂ ಸರಿ, ನೋಡಿದವರು ಯಾರು? ಒಬ್ಬ ಹೊಸ ವರದಿಗಾರ ಗ್ರಂಥಾಲಯದಲ್ಲಿ ಸುಮಾರು ನಲವತ್ತು ಕುರ್ಚಿ ಮುರಿದಿವೆ ಅಂತ ಬರೆದುಕೊಂಡು ಬಂದಿದ್ದ. "ಸುಮಾರು ಅಂದೋರು ಯಾರು, ನಿಮ್ಮಜ್ಜೀನಾ?" ಅಂತ ಅವನನ್ನು ಮೂರು ಸಲ ವಾಪಸ್ ಅಟ್ಟಿದಳು. ಕೊನೆಗೆ ಮೂವತ್ತೇಳು ಅಂತ ಎಣಿಸಿಕೊಂಡು ಬಂದ. ಎಲ್ಲ ಆದ ಮೇಲೆ ನನ್ನೆದುರಿಗೇ ರಬ್ಬರ್ ಹಿಡಿದು ಆ ಹೆಸರುಗಳನ್ನೆಲ್ಲ ಅಳಿಸಿ, ಕೆಳಗೆ ಸಹಿ ಹಾಕ್ತಿದ್ದಳು. ಸಹಿಯಾದ ಪ್ರೂಫ್ ಆಡಳಿತ ಕಚೇರಿಯ ಫೈಲಿಗೆ ಹೋಗಬೇಕು. ನಾಳೆ ತಕರಾರು ಬಂದರೆ ಅಚ್ಚಿಗೆ ಒಪ್ಪಿದವರು ಯಾರು ಅಂತ ಗೊತ್ತಿರಲಿ ಅಂತ ಪ್ರೆಸ್ಸಿನ ನಿಯಮ ಅದು.

ಆದರೆ ಅವಳು ಬರೆಯೋದು ಒತ್ತಿ ಒತ್ತಿ. ಮೊದಲನೇ ತಿಂಗಳೇ ನೋಡಿ ಬೈದಿದ್ದೆ. "ಮಹಾತಾಯಿ, ಮೇಲಿನ ಹಾಳೇಲಿ ಅಳಿಸಿದ್ರೆ ಆಗೋಯ್ತಾ? ಕೆಳಗಿನ ಹಾಳೆಗೂ ಇಳಿದಿದೆ ನೋಡು." ಅಂದವಳೇ, ಬಳಸಿ ಬಿಸಾಕಿದ್ದ ಅಚ್ಚಿನ ತಗಡೊಂದನ್ನು ಹಾಳೆಯ ಅಳತೆಗೆ ಕತ್ತರಿಸಿ ಕೊಟ್ಟೆ. ಅವತ್ತಿನಿಂದ ಆ ತಗಡನ್ನು ಎರಡು ಹಾಳೆ ನಡುವೆ ತೂರಿಸದೆ ಅವಳು ಪೆನ್ಸಿಲ್ ಮುಟ್ಟುತ್ತಿರಲಿಲ್ಲ.

ನನ್ನ ತಮ್ಮನೂ ಅಲ್ಲೇ ಕೆಲಸಕ್ಕಿದ್ದ. ನಲ್ಲಿ, ಪೈಪು, ಟ್ಯಾಂಕು ನೋಡಿಕೊಳ್ಳೋದು ಅವನ ಕೆಲಸ. ಗುತ್ತಿಗೆಯವನು, ಪ್ರತಿ ವರ್ಷ ಕಟ್ಟಡ ವಿಭಾಗದ ಇಂಜಿನಿಯರ್ ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹನ್ನೊಂದು ವರ್ಷ ಹಾಗೇ ತಳ್ಳಿದ್ದ. ಅಮ್ಮ ಹೋದಾಗ ಅವನಿಗೆ ಆರು ವರ್ಷ, ನನಗೆ ಹದಿನೇಳು. ನನ್ನ ಕೈಯಲ್ಲಿ ಬೆಳೆದವನು. ಮಧ್ಯಾಹ್ನ ಪ್ರೆಸ್ಸಿಗೆ ಬಂದು ನನ್ನ ಜೊತೆ ಕೂತೇ ಊಟದ ಡಬ್ಬಿ ಬಿಚ್ಚುತ್ತಿದ್ದ.

ಒಂದು ದಿನ ಕಡ್ಡಿ ಅಲ್ಲೇ ಕೂತಿದ್ದಳು. ಇವನು ತುತ್ತು ಕೈಯಲ್ಲಿ ಹಿಡಿದುಕೊಂಡೇ ಹೇಳಿದ:

"ಅಕ್ಕ, ಹುಡುಗೀರ ಹಾಸ್ಟೆಲ್ ಮೇಲಿನ ಟ್ಯಾಂಕ್ ಇದೆಯಲ್ಲ, ಅದರ ಕೆಳಗಿನ ಕಂಬ ಮುಟ್ಟಿದ್ರೆ ಪುಡಿ ಉದುರುತ್ತೆ. ಒಳಗಿನ ಸರಳೆಲ್ಲ ತುಕ್ಕು ಹಿಡಿದು ಹೊರಗೆ ಬಂದಿದೆ. ಎರಡು ಸಲ ಬರೆದುಕೊಟ್ಟೆ. ನೀನು ನಲ್ಲಿ ನೋಡ್ಕೋ, ಕಂಬ ನೋಡೋಕೆ ನಾವಿದೀವಿ ಅಂದ್ರು ಇಂಜಿನಿಯರ್ ಸಾಹೇಬ್ರು. ನಾನಂತೂ ಅರ್ಧಕ್ಕಿಂತ ಜಾಸ್ತಿ ನೀರು ಬಿಡ್ತಾ ಇಲ್ಲ."

ಕಡ್ಡಿ ಇದ್ದದ್ದು ಅದೇ ಹಾಸ್ಟೆಲಿನ ಮೇಲಿನ ಮಹಡಿಯಲ್ಲಿ, ಆ ಟ್ಯಾಂಕಿನ ನೇರ ಕೆಳಗೆ. "ಓ, ಅದಕ್ಕೇನಾ ನನ್ನ ಹಾಸಿಗೆ ಮೇಲೆ ದಿನಾ ಸುಣ್ಣದ ಪುಡಿ ಬೀಳೋದು?" ಅಂದಳು. "ನಾನು ಹಲ್ಲಿ ಕಾಟ ಅಂದ್ಕೊಂಡಿದ್ದೆ." ಮೂವರೂ ನಕ್ಕೆವು. ಈಗ ಆ ನಗು ನೆನೆಸಿಕೊಂಡರೆ ಮೈ ಜುಮ್ಮನ್ನುತ್ತೆ.

"ಬರಿಯಮ್ಮ," ಅಂದ ತಮ್ಮ. "ಆದ್ರೆ ನನ್ನ ಹೆಸರು ಬರಬಾರದು. ಬಂತು ಅಂದ್ರೆ ನನ್ನ ಕೆಲಸಕ್ಕೆ ಎಳ್ಳು ನೀರು."

"ನನ್ನ ಬಾಯಿಂದ ಬರಲ್ಲ ಅಣ್ಣ," ಅಂದಳು. ಅವಳ ಬಾಯಿಂದ ಬರಲೂ ಇಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಅವಳು ಸುಮ್ಮನೆ ಬರೆಯುವವಳಲ್ಲ. ತಾನೇ ಮೇಲೆ ಹತ್ತಿ ಕಂಬಗಳ ಫೋಟೋ ತೆಗೆದಳು. ಕಟ್ಟಡದ ಪಾಠ ಹೇಳುವ ಮೇಷ್ಟ್ರೊಬ್ಬರಿಗೆ ತೋರಿಸಿದಳು. ಅವರು ಫೋಟೋ ನೋಡಿ ಕನ್ನಡಕ ತೆಗೆದು, "ಇದರ ಕೆಳಗೆ ಜನ ಇದ್ದಾರಾ?" ಅಂತ ಕೇಳಿದರಂತೆ. ಶುಕ್ರವಾರ ಮಧ್ಯಾಹ್ನ ಪ್ರೂಫ್ ಬಂತು. ಪ್ರೆಸ್ಸಿನ ಮೂಲೆಯ ಒಲೆ ಮೇಲೆ ಬಿಸಿ ಮಾಡಿ ಆಗಷ್ಟೇ ಇಳಿಸಿದ ತಮ್ಮನ ಡಬ್ಬಿ ಸುಡ್ತಾ ಇತ್ತು. ಮೇಜು ಹಾಳಾಗದಿರಲಿ ಅಂತ ಕೈಗೆ ಸಿಕ್ಕಿದ್ದನ್ನು ಅದರ ಕೆಳಗೆ ತಳ್ಳಿದೆ. ಸಿಕ್ಕಿದ್ದು ಅವಳ ತಗಡು. ಕಡ್ಡಿಗೆ ಕ್ಲಾಸಿಗೆ ಹೊತ್ತಾಗಿತ್ತು, ತಲೆ ಎತ್ತದೆ ಬರೆದಳು: ಹೇಳಿದವರು, ಪ್ರೆಸ್ಸಿನ ಅಕ್ಕನ ತಮ್ಮ. ಆಮೇಲೆ ಅಳಿಸಿ, ಸಹಿ ಹಾಕಿ ಓಡಿದಳು.

ಫೈಲಿಗೆ ಸೇರಿಸುವಾಗ ನನ್ನ ಹೆಬ್ಬೆರಳು ಎರಡನೇ ಹಾಳೆಯ ಅಂಚಿನ ಮೇಲೆ ಹೋಯ್ತು. ಅಕ್ಷರದ ತಗ್ಗು ಬೆರಳಿಗೆ ಸಿಕ್ಕಿತು. ಇಪ್ಪತ್ತೆರಡು ವರ್ಷ ಕಾಗದ ಸವರಿದ ಬೆರಳು, ಗೊತ್ತಾಗದೆ ಇರುತ್ತಾ? ಗೊತ್ತಾಯ್ತು. ಆದರೆ ಮೆಷಿನ್ ಓಡ್ತಿತ್ತು, ಕಚೇರಿಯ ಜವಾನ ಬಾಗಿಲಲ್ಲಿ ನಿಂತು "ಬೇಗ ಕೊಡಿ ಅಕ್ಕ" ಅಂತ ಪ್ರಾಣ ತಿಂತಿದ್ದ. ಅಯ್ಯೋ, ಅದನ್ನು ಯಾರು ನೋಡ್ತಾರೆ ಬಿಡು ಅಂದುಕೊಂಡು ಫೈಲು ಅವನ ಕೈಗಿಟ್ಟೆ.

ಶನಿವಾರ ಪತ್ರಿಕೆ ಹೊರಬಿತ್ತು. ಮಧ್ಯಾಹ್ನದೊಳಗೆ ಮೇಲಿನ ಮಹಡಿಯ ಹುಡುಗಿಯರೆಲ್ಲ ಹಾಸಿಗೆ ಸುತ್ತಿಕೊಂಡು ಕೆಳಗಿಳಿದು ಊಟದ ಹಾಲಿನಲ್ಲಿ ಠಿಕಾಣಿ ಹೂಡಿದರು. ಕಡ್ಡಿ ಮುಖದಲ್ಲಿ ಗೆದ್ದ ಕಳೆ. ಬುಧವಾರ ತಮ್ಮನಿಗೆ ಕರೆ ಬಂತು.

ಅವತ್ತು ಅವನು ಡಬ್ಬಿ ಮುಚ್ಚಳ ತೆಗೆಯಲಿಲ್ಲ. "ಸಾಹೇಬ್ರು ಪ್ರೂಫ್ ಫೈಲಿನ ಒಂದು ಹಾಳೆ ತೋರಿಸಿದ್ರು," ಅಂದ. "ಅಂಚಿಗೆ ಪೆನ್ಸಿಲ್ ಸೀಸ ಉಜ್ಜಿದ್ದಾರೆ. ಬೆಳ್ಳಗೆ ಎದ್ದು ಬಂದಿದೆ ಅಕ್ಕ, ಅವಳ ಕೈಬರಹ. ಬಾಯಿಂದ ಬರಲ್ಲ ಅಂದ್ಲು, ಕೈಯಿಂದ ಕೊಟ್ಲು."

ತಗಡು ನಿನ್ನ ಡಬ್ಬಿ ಕೆಳಗಿತ್ತು ಕಣೋ, ತಗ್ಗು ನನ್ನ ಬೆರಳಿಗೆ ಸಿಕ್ಕಿತ್ತು ಕಣೋ ಅಂತ ಒಂದು ಮಾತು ಅಂದಿದ್ದರೆ ಆಗ್ತಿತ್ತು. ಅನ್ನಲಿಲ್ಲ. ಅವನು ನನ್ನನ್ನು ಅಮ್ಮನ ಹಾಗೆ ನೋಡ್ತಾನೆ, ಆ ನೋಟ ಹೋಗಿಬಿಡುತ್ತೆ ಅನ್ನೋ ಭಯ. ಸಂಜೆ ಕಡ್ಡಿ ಬಂದಳು, ಮುಖ ಹುಳ್ಳಗೆ. "ಅಕ್ಕ, ನಾನು ತಗಡು ಇಟ್ಟಿದ್ದೆನಲ್ಲ?" ಅಂತ ಕೇಳಿದಳು.

"ಅವಸರದಲ್ಲಿದ್ದೆ ನೀನು. ನಾನು ಗಮನಿಸಲಿಲ್ಲಮ್ಮ," ಅಂದೆ.

"ಹಾಗಾದ್ರೆ ನಾನೇ ಮರೆತೆ," ಅಂತ ಅಲ್ಲೇ ಕುಸಿದು ಕೂತು ಅತ್ತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಬರೆ ಹಾಕಿದವಳು ನಾನು, ಬೆನ್ನು ಸವರಿ ಸಮಾಧಾನ ಹೇಳಿದವಳೂ ನಾನೇ. ಥೂ ನನ್ನ ಜನ್ಮಕ್ಕೆ!

ಗುರುವಾರ ಕಚೇರಿಯಿಂದ ಒಂದು ಪ್ರಕಟಣೆ ಅಚ್ಚಿಗೆ ಬಂತು. ಟ್ಯಾಂಕು ಗಟ್ಟಿಯಾಗಿದೆ, ಪತ್ರಿಕೆಯ ವರದಿ ಸುಳ್ಳು, ಭಾನುವಾರದೊಳಗೆ ಎಲ್ಲರೂ ತಮ್ಮ ತಮ್ಮ ಕೋಣೆಗೆ ಮರಳಬೇಕು, ಸೋಮವಾರ ಬೆಳಗ್ಗೆ ಹತ್ತಕ್ಕೆ ಎಲ್ಲರೆದುರು ಟ್ಯಾಂಕು ಕಂಠಮಟ್ಟ ತುಂಬಿಸಿ ತೋರಿಸಲಾಗುವುದು. ಕೆಳಗೆ ನನ್ನ ತಮ್ಮನ ಹೇಳಿಕೆ: ಕಂಬದಲ್ಲಿ ದೋಷವಿಲ್ಲ, ನಾನು ಯಾರಿಗೂ ಏನೂ ಹೇಳಿಲ್ಲ. ಸಹಿ ಅವನದೇ. ಹಾಕದಿದ್ದರೆ ಆ ಸಂಜೆಯೇ ಮನೆಗೆ ಹೋಗು ಅಂದಿದ್ದರಂತೆ. ವಾಲ್ವ್ ತಿರುಗಿಸುವ ಕೆಲಸವೂ ಅವನಿಗೇ. "ಬಾಯಿ ಬಿಟ್ಟೋನೇ ನೀರೂ ಬಿಡಲಿ," ಅಂದರಂತೆ ಸಾಹೇಬರು. ನಾಲ್ಕು ನೂರು ಪ್ರತಿ ಅಚ್ಚು ಹಾಕಿದೆ. ಮೆಷಿನ್ ಒಂದೇ ಒಂದು ಸಲ ಕೆಟ್ಟು ನಿಲ್ಲಬಾರದಾ ಅಂತ ಬೇಡಿಕೊಂಡೆ. ಹಾಳಾದ್ದು, ಅವತ್ತು ಬೆಣ್ಣೆಯ ಹಾಗೆ ಓಡಿತು.

ಸೋಮವಾರ ಹತ್ತೂಕಾಲಿಗೆ ಕಡ್ಡಿ ಏದುಸಿರು ಬಿಡುತ್ತಾ ಪ್ರೆಸ್ಸಿಗೆ ಬಂದಳು. ತಲೆ, ಹೆಗಲ ಮೇಲೆಲ್ಲ ಸುಣ್ಣ.

"ಈಗ ಪುಡಿ ಅಲ್ಲ ಅಕ್ಕ, ಚೂರು ಚೂರೇ ಬೀಳ್ತಿದೆ. ನಮ್ಮ ವರದಿಗಾರರು ಒಂದೊಂದು ಬಾಗಿಲೂ ಬಡಿದು ಹುಡುಗೀರನ್ನ ಇಳಿಸ್ತಿದ್ದಾರೆ. ಅಣ್ಣ ಮಾತ್ರ ವಾಲ್ವ್ ಬಿಟ್ಟು ಬರ್ತಿಲ್ಲ. ನಿನ್ನ ಮಾತು ನಂಬಿ ಒಂದು ಸಲ ಕೆಟ್ಟೆ, ಸಾಕು ಹೋಗು ಅಂದ್ರು. ನೀವು ಹೇಳಿ ಅಕ್ಕ, ನಿಮ್ಮ ಮಾತು ಕೇಳ್ತಾರೆ."

ಮೆಷಿನ್ ಆರಿಸಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ, ಹಾಗೇ ಓಡಿದೆ. ಹಾಸ್ಟೆಲ್ ಅಂಗಳದಲ್ಲಿ ಜನ ಸೇರಿದ್ದರು. ಇಂಜಿನಿಯರ್ ಸಾಹೇಬರು ಕೈ ಕಟ್ಟಿಕೊಂಡು ಮೇಲೆ ನೋಡ್ತಾ ನಿಂತಿದ್ದರು. ತಾರಸಿಯ ಅಂಚಿನಲ್ಲಿ ತಮ್ಮ, ವಾಲ್ವಿನ ಚಕ್ರದ ಮೇಲೆ ಎರಡೂ ಕೈ. ಒಳಗೆ ನೀರು ಬೀಳುವ ಸದ್ದು ಕೆಳಗಿನವರೆಗೂ ಕೇಳ್ತಿತ್ತು. ಇಳಿದು ಬಾರೋ ಅಂದೆ. ತಲೆ ಅಲ್ಲಾಡಿಸಿದ. ಅವಳು ಕಳಿಸಿದ್ದಾಳೆ ಅಂತ ಅವನಿಗೆ ಗೊತ್ತು.

ಇನ್ನು ಉಳಿದಿದ್ದು ಒಂದೇ ಮಾತು.

"ನಿನ್ನ ಹೆಸರು ಹೋಗಿದ್ದು ನನ್ನಿಂದ ಕಣೋ!" ಅಂತ ಕಿರುಚಿದೆ. "ಅವಳಲ್ಲ! ತಗಡು ತೆಗೆದು ನಿನ್ನ ಡಬ್ಬಿ ಕೆಳಗಿಟ್ಟೋಳು ನಾನು. ಅಕ್ಷರ ಇಳಿದಿದ್ದು ಗೊತ್ತಿದ್ದೂ ಫೈಲು ಕೊಟ್ಟೋಳು ನಾನು. ಅವಳ ಮಾತು ನಿಜ, ಮುಚ್ಚಿ ಇಳಿಯೋ!"

ಅವನು ನನ್ನ ಮುಖ ನೋಡಿದ. ಆಮೇಲೆ ಚಕ್ರ ತಿರುಗಿಸಿ ನೀರು ನಿಲ್ಲಿಸಿ, ಮೆಟ್ಟಿಲಿಳಿದು ಬಂದ. ನನ್ನ ಪಕ್ಕದಲ್ಲೇ ಹಾದು ಹೋದ, ನಿಲ್ಲಲಿಲ್ಲ. "ಯಾರು ಹೇಳಿದ್ದು ನಿಲ್ಲಿಸೋಕೆ?" ಅಂತ ಸಾಹೇಬರು ಗದರುತ್ತಿದ್ದರು. ಕಡ್ಡಿ ಪಕ್ಕದಲ್ಲಿ ತನ್ನ ವರದಿಗಾರನನ್ನು ಕೇಳ್ತಿದ್ದಳು, "ಎಷ್ಟು ಜನ ಇಳಿದ್ರು?" "ಇಪ್ಪತ್ತಾರು. ಸುಮಾರು ಅಲ್ಲ, ಎಣಿಸಿದೀನಿ," ಅಂದ ಅವನು.

ಅಷ್ಟರಲ್ಲಿ ಟ್ಯಾಂಕಿನ ಒಂದು ಮೂಲೆ ತಗ್ಗಿತು. ದೊಡ್ಡ ಸದ್ದೇನೂ ಆಗಲಿಲ್ಲ ಮೊದಲು, ಯಾರೋ ಕುರ್ಚಿ ಎಳೆದ ಹಾಗೆ. ಆಮೇಲೆ ಇಡೀ ಟ್ಯಾಂಕು ಮಹಡಿಯ ಒಳಕ್ಕೆ ಕೂತಿತು. ಕಿಟಕಿಗಳಿಂದ ತುಕ್ಕಿನ ಕೆಂಪು ನೀರು ಸುರಿಯಿತು. ಕಡ್ಡಿಯ ಮಂಚ ಎಲ್ಲಿತ್ತು ಅಂತ ಆಮೇಲೆ ಹುಡುಕಿದರೂ ಸಿಗಲಿಲ್ಲ.

ಜೀವ ಹೋಗಲಿಲ್ಲವಲ್ಲ ಅಂತ ನೀವು ಅನ್ನಬಹುದು. ಸ್ವಲ್ಪ ತಡೀರಿ. ಬುಧವಾರ ಇನ್ನೊಂದು ಪ್ರಕಟಣೆ ಅಚ್ಚಿಗೆ ಬಂತು: ಕಂಬದಲ್ಲಿ ದೋಷವಿಲ್ಲ ಎಂದು ಲಿಖಿತವಾಗಿ ತಿಳಿಸಿದ್ದ ನಲ್ಲಿ ಕೆಲಸಗಾರನ ನಿರ್ಲಕ್ಷ್ಯವೇ ಅವಘಡಕ್ಕೆ ಕಾರಣ, ಅವನ ಮೇಲೆ ಪೊಲೀಸರಿಗೆ ದೂರು ಕೊಡಲಾಗಿದೆ. ಸಾಕ್ಷಿಗೆ ನಾನೇ ಅಚ್ಚು ಹಾಕಿದ ನಾಲ್ಕು ನೂರು ಪ್ರತಿ ಇದೆಯಲ್ಲ! ಅವನು ಎರಡು ಸಲ ಬರೆದುಕೊಟ್ಟ ಕಾಗದ ಕಚೇರಿಯಲ್ಲಿ ಇಲ್ಲವಂತೆ. ಸೀಸ ಉಜ್ಜಿದ ಹಾಳೆಯೂ ಇಲ್ಲವಂತೆ. ಅಂಥದ್ದೊಂದು ಇತ್ತೇ ಅಂತ ಕೇಳಿದರಂತೆ.

ಆ ಪ್ರಕಟಣೆಯನ್ನು ಮೆಷಿನ್ನಿಗೆ ಹಾಕಲಿಲ್ಲ. ಮಡಚಿ ಕಡ್ಡಿಯ ಮುಂದಿಟ್ಟೆ. ಕೂತು ಎಲ್ಲ ಹೇಳಿದೆ, ಅವನು ಊಟಕ್ಕೆ ಕೂತು ಆಡಿದ ಮಾತಿನಿಂದ ಹಿಡಿದು ನಾನು ಅವಳಿಗೆ ಹೇಳಿದ ಸುಳ್ಳಿನವರೆಗೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವರದಿ ಬರೆದು, ಪ್ರೂಫ್ ತೆಗೆದು, ತಗಡು ತೂರಿಸಿ, ಕಿವಿಯ ಹಿಂದಿನ ಪೆನ್ಸಿಲ್ ಕೈಗೆ ತೆಗೆದುಕೊಂಡಳು.

"ಅವರು ನಿಮ್ಮನ್ನೂ ಬಿಡಲ್ಲ ಅಕ್ಕ."

"ಗೊತ್ತು, ಬರಿ."

ಹೇಳಿದವರು, ಪ್ರೆಸ್ಸಿನ ಅಕ್ಕ ಅಂತ ಅಂಚಿನಲ್ಲಿ ಬರೆದಳು. ಅಭ್ಯಾಸಬಲ, ಕೈ ರಬ್ಬರಿನ ಕಡೆಗೆ ಹೋಯ್ತು. ನಾನು ರಬ್ಬರ್ ಎತ್ತಿ ಜೇಬಿಗೆ ಹಾಕಿಕೊಂಡೆ. ಹಾಳೆಗಳ ನಡುವಿನ ತಗಡನ್ನೂ ಎಳೆದುಬಿಟ್ಟೆ. ಮೇಜಿನ ಆ ಕಡೆ, ತಮ್ಮ ದಿನಾ ಕೂರುತ್ತಿದ್ದ ಸ್ಟೂಲು ಖಾಲಿ ಇತ್ತು.

"ಇನ್ನೊಂದು ಸಲ ಬರಿ," ಅಂದೆ. "ಒತ್ತಿ ಬರಿ. ಕೆಳಗಿನ ಹಾಳೆಗೂ ಇಳೀಲಿ."