ರಾಜೀವಿ ಹುಡುಕಿದ ನಲವತ್ತೊಂದು ಹೆಸರು

ರಾಜೀವಿ ನಮ್ಮ ಕಚೇರಿಯ ಟಪಾಲು ವಿಭಾಗದಲ್ಲಿ ಹದಿನೆಂಟು ವರ್ಷ ಇದ್ದವರು. ಉಡುಪಿಯ ಕಡೆಯವರು, ಗಂಡ ರಮಾನಾಥ ಬ್ಯಾಂಕಿನಲ್ಲಿ, ಮನೆ ಈ ಬಂಗಾಳಿ ಊರಿನ ಬೆಹಾಲಾದಲ್ಲಿ. ಬಿಬಿಡಿ ಬಾಗ್‌ನ ನಮ್ಮ ನೇಮಕಾತಿ ಕಚೇರಿಯಲ್ಲಿ ಕಡತ ಕಳೆದರೆ ಇವರನ್ನೇ ಕರೆಯುತ್ತಿದ್ದರು. ಇವರು ಮೊದಲ ಮೇಜಿನಿಂದ ಶುರುಮಾಡಿ, ಎಷ್ಟು ಬಂತು, ಮುಂದೆ ಎಷ್ಟು ಕಳಿಸಿದಿರಿ ಎಂದು ಪ್ರತಿ ಮೇಜಿನಲ್ಲೂ ಕೇಳುತ್ತಾ ಹೋಗುತ್ತಿದ್ದರು. ಪಕ್ಕದ ಮೇಜಿನವನಾದ ನನಗೆ ಅದನ್ನು ನೋಡಿಯೇ ಆಕಳಿಕೆ ಬರುತ್ತಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಕಚೇರಿಗೆ ಕಂಪ್ಯೂಟರ್ ಬಂತು. ಆರು ವಾರದ ತರಬೇತಿಗೆ ಸಾಲ್ಟ್ ಲೇಕ್‌ಗೆ ಹೋಗಬೇಕೆಂದಾಗ ನನಗೆ ಸೊಂಟನೋವು ಶುರುವಾಯಿತು. ನಲವತ್ತೇಳರ ರಾಜೀವಿ ಮಾತ್ರ ಬಸ್ಸು ಹತ್ತಿದರು. ಮರಳಿದಾಗ ಕೈಯಲ್ಲಿ ಕಪ್ಪು ಪರದೆಯ ಆಜ್ಞೆಗಳನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡ ನೋಟ್‌ಬುಕ್ ಇತ್ತು.

ಆ ನವೆಂಬರಿನ ಮಂಗಳವಾರ ಖರಗ್‌ಪುರದಿಂದ ಹೊನ್ನಪ್ಪ ಎಂಬ ಅಭ್ಯರ್ಥಿ ಬಂದ. ಧಾರವಾಡದ ಕಡೆಯ ಕುಟುಂಬ, ಅಪ್ಪ ರೈಲ್ವೆಯಲ್ಲಿ. ಭಾನುವಾರ ಪರೀಕ್ಷೆ, ಪ್ರವೇಶಪತ್ರ ಬಂದಿರಲಿಲ್ಲ.

"ಜನವರಿಗೆ ನನ್ನ ವಯಸ್ಸು ಮೀರತೈತ್ರಿ ಅಕ್ಕಾರ. ಇದ ಕಡೀ ಸಲ," ಎಂದು ಅರ್ಜಿ ಕಳಿಸಿದ ಅಂಚೆಯ ರಸೀತಿ ತೋರಿಸಿದ.

ಪ್ರವೇಶಪತ್ರ ಕಳಿಸಬೇಕಾದವರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಪಟ್ಟಿ ತೆಗೆಯುವ ಪ್ರೋಗ್ರಾಮ್ ಬರೆದ ಗುತ್ತಿಗೆಯ ಹುಡುಗ ಅನಿಂದ್ಯ ತಲೆಯೆತ್ತದೆ ಹೇಳಿದ: "ಅರ್ಜಿಯನ್ನೇ ಸರಿಯಾಗಿ ತುಂಬಿರಲ್ಲ, ದೀದಿ. ಪ್ರೋಗ್ರಾಮ್ ತಪ್ಪು ಮಾಡಲ್ಲ."

ಸಾಹೇಬರೂ ಅದನ್ನೇ ಹೇಳಿದರು. ನಿಜ ಹೇಳಬೇಕೆಂದರೆ ನಾನೂ ಹೌದೆಂದು ತಲೆಯಾಡಿಸಿದೆ. ಹೊನ್ನಪ್ಪನ ಮುಖ ನೋಡಿ ಆಮೇಲೆ ನಾಚಿಕೆಯಾಯಿತು.

ರಾಜೀವಿ ಮಾತ್ರ ಕುರ್ಚಿ ಎಳೆದುಕೊಂಡು ಅನಿಂದ್ಯನ ಪಕ್ಕ ಕೂತರು. ಪರದೆಯ ಮೇಲೆ ಒಂದೇ ಸಾಲಿನಲ್ಲಿ ನಾಲ್ಕು ಆಜ್ಞೆಗಳಿದ್ದವು, ನಡುವೆ ನಿಂತ ಗೀಟು. ಮೊದಲನೆಯದು ಕೊಟ್ಟದ್ದನ್ನು ಎರಡನೆಯದು ತೆಗೆದುಕೊಂಡು ತನ್ನ ಕೆಲಸ ಮುಗಿಸಿ ಮೂರನೆಯದಕ್ಕೆ ದಾಟಿಸಬೇಕು. ಎಲ್ಲೂ ದೋಷದ ಸಂದೇಶವಿಲ್ಲ, ಕೊನೆಗೆ ಪಟ್ಟಿ ಸಲೀಸಾಗಿ ಬರುತ್ತಿತ್ತು.

"ಇದು ನಮ್ಮ ಟಪಾಲಿನ ಹಾಗೇ ಉಂಟು ಮೂರ್ತಿಯವರೇ, ನಾಲ್ಕು ಮೇಜು," ಎಂದು ನನಗೆ ಹೇಳಿ, ಒಂದೊಂದೇ ಗೀಟಿನಲ್ಲಿ ಸಾಲನ್ನು ಕತ್ತರಿಸಿ ಎಣಿಸತೊಡಗಿದರು. ಮೊದಲ ಆಜ್ಞೆಯಿಂದ ಹೊರಬಂದದ್ದು ಆರು ಸಾವಿರದ ಇನ್ನೂರ ಹದಿನೆಂಟು ಹೆಸರು. ಎರಡನೆಯದರಿಂದಲೂ ಅಷ್ಟೇ. ಮೂರನೆಯದರಿಂದ ಬಂದದ್ದು ಆರು ಸಾವಿರದ ನೂರ ಎಪ್ಪತ್ತೇಳು. ನಲವತ್ತೊಂದು ಜನ ಸದ್ದಿಲ್ಲದೆ ಉದುರಿದ್ದರು.

ಅನಿಂದ್ಯ ಈಗ ತಲೆಯೆತ್ತಿದ. ನಾಲ್ಕನೆಯ ಖಾನೆಯಲ್ಲಿ ಪರೀಕ್ಷಾ ಕೇಂದ್ರದ ಸಂಖ್ಯೆ ಇಲ್ಲದವರನ್ನು ಕೈಬಿಡುವುದು ಮೂರನೆಯ ಆಜ್ಞೆಯ ಕೆಲಸ. ಅರ್ಧ ಗಂಟೆ ಅದನ್ನೇ ತಿದ್ದಿ ತೀಡಿ ನೋಡಿದ. ಅದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಗಡಿಯಾರ ಎರಡೂವರೆ ದಾಟಿತ್ತು, ಟಪಾಲು ಚೀಲ ಹೊರಡುವುದು ನಾಲ್ಕಕ್ಕೆ.

"ಕಡತ ಕಳೆದ ಮೇಜಿನವನೇ ಕಳ್ಳ ಅಂತ ಇಲ್ಲ ಮಾರಾಯ," ಎಂದರು ರಾಜೀವಿ, ಅವನಿಗೆ ಅರ್ಥವಾಗದ ಕನ್ನಡದಲ್ಲೇ. "ಹಿಂದಿನ ಮೇಜಿನವ ಕಡತದ ಮೇಲೆ ನಂಬರ್ ತಪ್ಪು ಬರೆದಿರ್ತಾನೆ." ಆಮೇಲೆ ಹಿಂದಿಯಲ್ಲಿ, ಉದುರಿದವರ ಹೆಸರುಗಳನ್ನಷ್ಟೇ ತೋರಿಸಲು ಹೇಳಿದರು.

ಹೊನ್ನಪ್ಪ, ಮಾದಪ್ಪ, ಮುರುಗನ್, ಅಪ್ಪಲಸ್ವಾಮಿ. ಬಹುಪಾಲು ಖರಗ್‌ಪುರದಲ್ಲಿ ನೆಲೆಸಿದ ದಕ್ಷಿಣ ಭಾರತದವರು. ರಾಜೀವಿಯವರಿಗೆ ನಗು ಬಂತು. ಊರಿನ ಶಾಲೆಯ ದಾಖಲೆಯಲ್ಲಿ ಅವರೂ ಬರೀ ರಾಜೀವಿ. ಪದವಿ ಏನು, ಅಂದರೆ ಬಂಗಾಳಿಯಲ್ಲಿ ಮನೆತನದ ಹೆಸರೇನು ಎಂದು ಇಪ್ಪತ್ತು ವರ್ಷದಿಂದ ಈ ಊರಿನ ಪ್ರತಿ ಕೌಂಟರಿನಲ್ಲೂ ಕೇಳಿಸಿಕೊಂಡವರು. ಇಲ್ಲ ಎಂದರೆ ಕೇಳಿದವರು ಕನಿಕರದಿಂದ ನೋಡುತ್ತಿದ್ದರು.

"ಇವರಿಗೆ ಪದವಿ ಇಲ್ಲ. ಆ ಖಾನೆ ಖಾಲಿ. ನಿನ್ನ ಎರಡನೆಯ ಆಜ್ಞೆ ಖಾಲಿ ಖಾನೆಯನ್ನು ಏನು ಮಾಡುತ್ತೆ?"

ಅನಿಂದ್ಯ ಎರಡನೆಯ ಆಜ್ಞೆಯನ್ನು ಮತ್ತೆ ಓದಿದ. ಖಾನೆಗಳ ನಡುವೆ ಕಾಮಾ ಇರುತ್ತಿತ್ತು. ಬೆರಳಚ್ಚಿನವರು ಅವಸರದಲ್ಲಿ ಎರಡೆರಡು ಕಾಮಾ ಒತ್ತುತ್ತಾರೆಂದು, ಸಾಲಾಗಿ ಎಷ್ಟು ಬಂದರೂ ಒಂದೇ ಮಾಡು ಎಂದು ಅವನು ಎರಡನೆಯ ಆಜ್ಞೆಯಲ್ಲಿ ಬರೆದಿದ್ದ. ಖಾಲಿ ಖಾನೆ ಅಲ್ಲೇ ಅಳಿಸಿಹೋಗಿ, ಕೇಂದ್ರದ ಸಂಖ್ಯೆ ನಾಲ್ಕರಿಂದ ಮೂರಕ್ಕೆ ಜಾರುತ್ತಿತ್ತು. ಮನೆತನದ ಹೆಸರಿಲ್ಲದ ಮನುಷ್ಯ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಎಡದಿಂದ ಎಣಿಸಬೇಡ. ಸಂಖ್ಯೆ ಯಾವಾಗಲೂ ಕೊನೆಯಲ್ಲಿ ಇರುತ್ತಲ್ಲ, ಬಲತುದಿಯ ಖಾನೆ ನೋಡು."

ಅವನು ಒಂದೇ ಕಡೆ ತಿದ್ದಿದ. ರಾಜೀವಿ ಮತ್ತೆ ನಾಲ್ಕೂ ಮೇಜು ಎಣಿಸಿದರು. ನಾಲ್ಕರಲ್ಲೂ ಆರು ಸಾವಿರದ ಇನ್ನೂರ ಹದಿನೆಂಟು. ನಾನು ಸೊಂಟನೋವು ಮರೆತು ಎದ್ದು ನಿಂತಿದ್ದೆ. ಅನಿಂದ್ಯ ಎಲ್ಲರೆದುರು ಅವರ ಕಾಲು ಮುಟ್ಟಿ ನಮಸ್ಕರಿಸಿದ. ಮಧ್ಯಾಹ್ನ ಅರ್ಜಿಯೇ ಸರಿಯಿಲ್ಲ ಎಂದಿದ್ದ ಸಾಹೇಬರು ತಾವೇ ಹೋಗಿ ಟಪಾಲಿನವರನ್ನು ಹತ್ತು ನಿಮಿಷ ನಿಲ್ಲಿಸಿದರು. ನಲವತ್ತು ಪ್ರವೇಶಪತ್ರ ಚೀಲಕ್ಕೆ ಬಿದ್ದವು. ಆ ಸಂತೋಷದಲ್ಲಿ ನಾನು ಇಡೀ ವಿಭಾಗಕ್ಕೆ ಚಹಾ ತರಿಸಿದೆ, ನನ್ನ ಜಿಪುಣತನ ಬಲ್ಲವರು ಈಗಲೂ ಅದನ್ನು ನಂಬುವುದಿಲ್ಲ.

ನಲವತ್ತೊಂದನೆಯದಕ್ಕೆ ರಾಜೀವಿ ಮೊಹರು ಒತ್ತಿ, ಸಹಿ ಹಾಕಿ ಹೊನ್ನಪ್ಪನ ಕೈಗೇ ಕೊಟ್ಟರು. ಅವನು ಅದನ್ನು ಎರಡು ಸಲ ಓದಿದ.

"ಇಲ್ಲೊಂದು ಖಾನೆ ಖಾಲಿ ಐತಲ್ರಿ. ನಡೀತೈತೇನ್ರಿ?"

"ನಡೀತದೆ."

ಅವನ ಬೆರಳು ಕೆಳಗಿನ ಸಹಿಗೆ ಬಂದು ನಿಂತಿತು. "ನಿಮ್ದೂ ಒಂದ ಹೆಸರೇನ್ರಿ ಅಕ್ಕಾರ?"

"ಹೌದು ಮಾರಾಯ," ಎಂದರು ರಾಜೀವಿ. "ಒಂದು ಸಾಕು. ಹೋಗು, ಓದಿಕೋ."