‘ಯಾರ ಪೈಕಿ?’ ಎಂದು ಕಂಪ್ಯೂಟರಿಗೆ ಕಲಿಸಿದಾಕೆ

ಬೆಳಗಿನ ಆರೂವರೆ. ಶಿರವಾಡದ ಕಂಪ್ಯೂಟರ್ ಕಂಪನಿಯೊಂದರ ಮೆಟ್ಟಿಲ ಮೇಲೆ ಕೇಣಿ ಊರಿನ ಬೀರಿ ಕೂತಿದ್ದಾರೆ. ಸರಕಾರಿ ಯೋಜನೆಗೆ ಜಾಗ ಬಿಟ್ಟುಕೊಟ್ಟ ಕುಟುಂಬಗಳ ಪಟ್ಟಿಯಲ್ಲಿ ಹೆಸರಿದೆ ಎಂಬ ಚೀಟಿ ಸಿಗದಿದ್ದರೆ ಅವರಿಗೆ ಮನೆ ಕಟ್ಟಲು ಸೈಟಿಲ್ಲ. ನಿನ್ನೆ ಕಾರವಾರದಲ್ಲಿ ಚೀಟಿ ಕೊಡುವ ಕೌಂಟರಿನಲ್ಲಿ ‘ಇಲ್ಲ’ ಎಂದು ಅಚ್ಚು ಹಾಕಿ ಕಳಿಸಿದ್ದಾರೆ.

“ಇದ್ದವಳನ್ನ ಇಲ್ಲ ಅಂದ್ರೆ ಎಂತಾ ಮಾಡೂದು ತಂಗಿ?” ಎಂದು ಬೀಗ ತೆಗೆಯಲು ಬಂದ ಗಂಗೂ ಅವರನ್ನು ಕೇಳುತ್ತಾರೆ.

“ಯಾರ ಪೈಕಿ, ಆಯಿ?”

ಜಟ್ಟುವಿನ ಮಗ ಹೊನ್ನ, ಹೊನ್ನನ ಮಗ ತಿಮ್ಮು, ತಿಮ್ಮುವಿನ ಹೆಂಡತಿ ಬೀರಿ. ಬೀರಿ ಹೇಳಿದ ನಾಲ್ಕೂ ಹೆಸರನ್ನು ಗಂಗೂ ಕಂಪ್ಯೂಟರಿನಲ್ಲಿ ಸಾಲಾಗಿ ಒತ್ತಿದ ಮೇಲೆ ಚೀಟಿ ಹೊರಬರುತ್ತದೆ. ಬೀರಿ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಡುತ್ತಾರೆ.

ದಿನವೂ ಅಂಕೋಲೆಯಿಂದ ಮೊದಲ ಬಸ್ಸಿಗೆ ಬರುವ ಗಂಗೂ ಗೌಡ ಇಲ್ಲಿ ಟೈಪಿಸ್ಟು, ವಯಸ್ಸು ಮೂವತ್ತೆಂಟು. 2003ರಲ್ಲಿ ಈ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದಾಗ ಅಜ್ಜನ ಮನೆಯೊಳಗೆ ಮಗನದು, ಅದರೊಳಗೆ ಮೊಮ್ಮಗನದು, ಹೀಗೆ ಡಬ್ಬಿಯೊಳಗೆ ಡಬ್ಬಿ ಇಟ್ಟಂತಿತ್ತು. ಒಬ್ಬರನ್ನು ಹುಡುಕಬೇಕಾದರೆ ಎಲ್ಲ ಡಬ್ಬಿಗಳ ಹೆಸರನ್ನೂ ಕ್ರಮವಾಗಿ ಹೇಳಬೇಕು. ಒಂದು ತಪ್ಪಿದರೂ ‘ಇಲ್ಲ’.

“ನಮ್ಮ ಬದಿಗೆ ಯಾರೂ ಮುತ್ತಜ್ಜನಿಂದ ಸಾಲು ಹಿಡ್ದು ಕೇಳೂದಿಲ್ಲ ಮಾರಾಯ್ರೆ. ಯಾರ ಪೈಕಿ ಅಂತ ಕೇಳ್ತರು, ಮುಗೀತು” ಎನ್ನುತ್ತಾರೆ ಗಂಗೂ.

ಕೆಲಸಕ್ಕೆ ಸೇರಿದ ಕೆಲವು ವರ್ಷಗಳಲ್ಲಿ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರು ಹುಡುಕುವ ನಿಯಮ ಬರೆದರು. ‘ಜಟ್ಟು ಒಳಗೆ ಹೊನ್ನ’ ಎಂದರೆ ಒಂದೇ ಮೆಟ್ಟಿಲು ಇಳಿದು ನೋಡಬೇಕು. ‘ಜಟ್ಟು ಪೈಕಿ ಬೀರಿ’ ಎಂದರೆ ಎಷ್ಟು ಆಳದಲ್ಲಿದ್ದರೂ ಹುಡುಕಿ ತರಬೇಕು. ಎರಡೇ ಶಬ್ದ. ಕಂಪನಿಯ ಎಂಜಿನಿಯರ್ ಸಂಕೇತ ಎಂಬವರು ಅದನ್ನು ಹಾಗೆಯೇ ಅಳವಡಿಸಿದರು. ದಿನಕ್ಕೆ ಹನ್ನೆರಡು ಚೀಟಿ ಕೊಡುತ್ತಿದ್ದಲ್ಲಿ ಎಂಬತ್ತು ಕೊಡುವಂತಾಯಿತು. ಈ ತಂತ್ರಾಂಶದ ಕೈಪಿಡಿ ಅಚ್ಚಾದಾಗ ಅದರಲ್ಲಿ ಸಂಕೇತ ಅವರ ಹೆಸರಿತ್ತು, ಮಾಲೀಕರ ಫೋಟೊ ಇತ್ತು. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು.

ಈ ವರ್ಷ ಹೊಸ ಆವೃತ್ತಿ ಬಂದಿದೆ. ಹೊರ ಊರಿನ ಗಿರಾಕಿಗಳಿಗೆ ಆ ಶಬ್ದ ತಿಳಿಯದು ಎಂಬ ನೆಪ ಹೇಳಿ ‘ಪೈಕಿ’ಯನ್ನು ಕಿತ್ತುಹಾಕಿ ಬರೀ ಓರೆಗೆರೆ (/) ಇಟ್ಟಿದ್ದಾರೆ. ಅದು ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಯಾರ ಕೆಳಗೆ ಯಾರು ಎಂದು ವಿಚಾರಿಸುವ ತಾಳ್ಮೆ ಗಂಗೂ ಅವರಿಗಿದೆ, ಕೌಂಟರಿನವರಿಗಿಲ್ಲ. ದಿನಕ್ಕೆ ಮೂವತ್ತು ಮಂದಿ ಅಲ್ಲಿ ‘ಇಲ್ಲ’ವಾಗುತ್ತಾರೆ. ಆಟೋ ಹಿಡಿದು ಇಲ್ಲಿಗೆ ಬರುವವರು ನಾಲ್ಕೈದು. ಉಳಿದವರು ಹಣೆಬರಹ ಎಂದು ಮನೆಗೆ ಹೋಗುತ್ತಾರೆ.

ಆ ಶಬ್ದವನ್ನು ಮತ್ತೆ ಸೇರಿಸಿ ಎಂದು ಗಂಗೂ ಕಂಪನಿಯ ಮುಖ್ಯ ಕಚೇರಿಗೆ ಅರ್ಜಿ ಬರೆದರು. ಕಳೆದ ವಾರ ಉತ್ತರ ಬಂದಿದೆ: ‘ಈ ಹೆಸರಿನ ನೌಕರರು ನಮ್ಮಲ್ಲಿಲ್ಲ.’ ಅಲ್ಲಿಯವರೂ ನೌಕರರ ಪಟ್ಟಿಯನ್ನು ಹೊಸ ಆವೃತ್ತಿಯಲ್ಲೇ ಹುಡುಕಿದ್ದಾರೆ. ಕಂಪನಿಯ ಕೆಳಗೆ ಗುತ್ತಿಗೆದಾರ, ಅವನ ಕೆಳಗೆ ಇನ್ನೊಬ್ಬ ಗುತ್ತಿಗೆದಾರ, ಅವನ ಕೆಳಗೆ ಗಂಗೂ.

ಕಾಗದ ತೋರಿಸಿ ನಗುತ್ತಾರೆ. ಸಂತೋಷದ ನಗುವಲ್ಲ.

“ಇನ್ನೊಂದು ಅರ್ಜಿ ಬರೀತೆ. ಈ ಸಲ ಇಬ್ರೂ ಗುತ್ತಿಗೆದಾರರ ಹೆಸ್ರು ಹಾಕಿ, ಕಡೀಗೆ ನಂದು ಹಾಕ್ತೆ. ಆಗಾದ್ರೂ ಸಿಗ್ತೆ ಅಲ್ದಾ? ಪುಸ್ತಕದಲ್ಲಿ ನನ್ನ ಹೆಸ್ರು ಬ್ಯಾಡ, ಮಾಡಿದ್ದು ನಾನು ಅಂತ ನಂಗೊತ್ತು. ಆ ಶಬ್ದ ಒಂದು ವಾಪಸ್ ಬರ್ಲಿ.”